ಅಮೆರಿಕದ 120 ವೋಲ್ಟ್ ಸಾಮಾನನ್ನ ಇಲ್ಲಿನ 230ಕ್ಕೆ ಹಾಕಿ ಸತ್ತೋಯ್ತಾ? ಎಲ್ಲಿಂದ ಹುಡುಕ್ಬೇಕು, ಹೇಗೆ ಬದಲಾಯಿಸ್ಬೇಕು

ಅಮೆರಿಕದಿಂದ ಬರೋರ ಸೂಟ್‌ಕೇಸಲ್ಲಿ ಆಂಪ್ಲಿಫೈಯರ್, ಸಬ್‌ವೂಫರ್, ಗೇಮ್ ಕನ್ಸೋಲ್, ಮ್ಯೂಸಿಕ್ ಕೀಬೋರ್ಡ್ ಏನಾದ್ರೂ ಒಂದು ಇದ್ದೇ ಇರತ್ತೆ. ಇಲ್ಲಿಗೆ ಬಂದ್ಮೇಲೆ ಚಪ್ಪಟೆ ಪಿನ್ನಿಗೆ ಐವತ್ತು ರೂಪಾಯಿದೊಂದು ಕನ್ವರ್ಷನ್ ಪ್ಲಗ್ ತಂದು ನೇರ ಗೋಡೆ ಸಾಕೆಟ್ಟಿಗೆ ಹಾಕ್ತಾರೆ, ಟಪ್ ಅಂತ ಒಂದು ಶಬ್ದ, ಮೀನು ಸುಟ್ಟಂಥ ವಾಸನೆ, ಆಮೇಲೆ ಲೈಟೂ ಇಲ್ಲ ಏನೂ ಇಲ್ಲ. ಆ ಪ್ಲಗ್ ಬದಲಾಯಿಸೋದು ಪಿನ್ನಿನ ಆಕಾರನ ಮಾತ್ರ, ಅದರೊಳಗೆ ವೋಲ್ಟೇಜ್ ಇಳಿಸೋದು ಏನೂ ಇಲ್ಲ. ಅಲ್ಲಿ ಮನೆಗೆ ಬರೋದು 120 ವೋಲ್ಟ್, 60 ಹರ್ಟ್ಜ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಜಪಾನಿನ ಸಾಮಾನಾದ್ರೆ ಇನ್ನೂ ಕಮ್ಮಿ, 100 ವೋಲ್ಟ್.

ನಾನು ಒತ್ತಿ ಹೇಳೋದು ಒಂದೇ ಮಾತು. ಹೀಗೆ ಸತ್ತಿರೋ ಸಾಮಾನಲ್ಲಿ ತುಂಬಾ ಸಲ ಹೋಗಿರೋದು ಬಾಗಿಲಲ್ಲಿ ಕಾವಲಿಗೆ ನಿಂತಿರೋ ಮೂರ್ನಾಲ್ಕು ಪಾರ್ಟು ಅಷ್ಟೇ, ಒಳಗಿನ ದುಬಾರಿ ಬೋರ್ಡ್ ಹಾಗೇ ಇರತ್ತೆ. ಹಾಗಾಗಿ ಎಸೀಬೇಡಿ. ಆದ್ರೆ ಬರೀ ಫ್ಯೂಸ್ ಬದಲಾಯಿಸಿ ಮತ್ತೆ ಅದೇ ಸಾಕೆಟ್ಟಿಗೂ ಹಾಕ್ಬೇಡಿ, ಮೊದಲನೇ ಸಲ ಉಳ್ಕೊಂಡಿದ್ದೂ ಎರಡನೇ ಸಲಕ್ಕೆ ಹೋಗೋದು ಹೀಗೇನೇ. ಫ್ಯೂಸ್ ಯಾಕೆ ಹೋಯ್ತು, ಒಳಗಿರೋ ಪವರ್ ಸಪ್ಲೈ ಯಾವ ಥರದ್ದು, ಈ ಎರಡಕ್ಕೆ ಉತ್ತರ ಸಿಕ್ಕಿದ ಮೇಲೇನೇ ಹೊಸ ಫ್ಯೂಸ್.

ಮೊದಲು ಹಿಂದಿನ ಲೇಬಲ್ ಓದಿ

ಇನ್‌ಪುಟ್ ಅಂತ ಇರೋ ಕಡೆ 100-240 ವೋಲ್ಟ್, 50/60 ಹರ್ಟ್ಜ್ ಅಂತ ಇದ್ರೆ ಅದಕ್ಕೆ ನಮ್ಮ ಕರೆಂಟು ಏನೂ ಸಮಸ್ಯೆ ಅಲ್ಲ. ಲ್ಯಾಪ್‌ಟಾಪ್ ಅಡಾಪ್ಟರ್, ಫೋನ್ ಚಾರ್ಜರ್ ಎಲ್ಲಾ ಹೆಚ್ಚುಕಮ್ಮಿ ಇದೇ ಜಾತಿ. ಇಂಥದ್ದು ಇಲ್ಲಿ ಸತ್ತಿದ್ರೆ ಕಾರಣ ಬೇರೆ ಹುಡುಕ್ಬೇಕು, ಅದರಲ್ಲೂ ಅದೇ ಹೊತ್ತಲ್ಲಿ ಮನೇಲಿ ಬಲ್ಬು ಜೋರಾಗಿ ಉರಿದು ಹೋಗಿದ್ರೆ, ಫ್ಯಾನ್ ಸ್ಪೀಡ್ ಏರಿದ್ರೆ, ಪಕ್ಕದ ಮನೆಯೋರ ಸೆಟ್‌ಟಾಪ್ ಬಾಕ್ಸೂ ಹೋಗಿದ್ರೆ ಅದು ನ್ಯೂಟ್ರಲ್ ಕಟ್ ಆಗಿರೋ ಲಕ್ಷಣ. ತ್ರೀ ಫೇಸ್ ಲೈನಲ್ಲಿ ನ್ಯೂಟ್ರಲ್ ಬಿಟ್ಟೋದ್ರೆ ಒಂದೊಂದು ಫೇಸಿಗೆ ಇರೋ ಲೋಡ್ ಮೇಲೆ ವೋಲ್ಟೇಜ್ ಹಂಚಿಕೆ ಆಗತ್ತೆ, ಲೋಡ್ ಕಮ್ಮಿ ಇರೋ ಮನೆಗೆ 400ರ ಹತ್ತಿರಕ್ಕೂ ಹೋಗಬಹುದು, ಅಷ್ಟಕ್ಕೆ 240 ಅಂತ ಬರೆದಿರೋ ಸಾಮಾನೂ ತಡಿಯಲ್ಲ. ಮೊದಲು ಲೈನ್‌ಮನ್ ಕರೆಸಿ ಕಂಬದಲ್ಲಿ, ಮೀಟರ್ ಬೋರ್ಡಲ್ಲಿ ನ್ಯೂಟ್ರಲ್ ನೋಡಿಸಿ, ರಿಪೇರಿ ಆಮೇಲೆ.

ಲೇಬಲ್ಲಲ್ಲಿ ಬರೀ 120 ಅಥವಾ 100-127 ಅಂತ ಇದ್ರೆ ಮುಂದೆ ಓದಿ.

ಸಾಮಾನಿಗೆ ಅಡಾಪ್ಟರ್ ಹೊರಗಡೆ ಬೇರೆಯಾಗಿ ಇದ್ರೆ ಅದೃಷ್ಟ, ಸತ್ತಿರೋದು ಅಡಾಪ್ಟರ್ ಮಾತ್ರ ಇರಬಹುದು. ಅದರ ಔಟ್‌ಪುಟ್ ಎಷ್ಟು ವೋಲ್ಟ್ ನೋಡ್ಕೊಂಡು ಅಷ್ಟೇ ವೋಲ್ಟಿನ, ಆಂಪ್ ಅಷ್ಟೇ ಅಥವಾ ಜಾಸ್ತಿ ಇರೋ, ಪಿನ್ನಿನ ಒಳಗಡೆ ಪ್ಲಸ್ಸೋ ಮೈನಸ್ಸೋ ಅನ್ನೋದೂ ಹೊಂದೋ ಹೊಸ ಅಡಾಪ್ಟರ್ ತಗೊಳ್ಳಿ, ಮುಗೀತು. ಒಂದು ಎಚ್ಚರ, ಕೆಲವು ಹಳೇ ಮೋಡೆಮ್‌ಗಳಿಗೆ, ಗಿಟಾರ್ ಎಫೆಕ್ಟ್ ಬಾಕ್ಸ್‌ಗಳಿಗೆ ಬರೋ ಅಡಾಪ್ಟರ್ ಔಟ್‌ಪುಟ್ಟೇ ಎಸಿ ಇರತ್ತೆ, 9 ವೋಲ್ಟ್ ಎಸಿ ಅಂತ. ಅದಕ್ಕೆ ಡಿಸಿ ಅಡಾಪ್ಟರ್ ಹಾಕಿದ್ರೆ ನಡಿಯಲ್ಲ.

ಕವರ್ ಬಿಚ್ಚೋಕೆ ಮುಂಚೆ

ಪ್ಲಗ್ ಕಿತ್ತ ಮೇಲೂ ಒಳಗಿರೋ ದೊಡ್ಡ ಕೆಪಾಸಿಟರಲ್ಲಿ ಕರೆಂಟ್ ಉಳಿದಿರತ್ತೆ. 230ಕ್ಕೆ ಹಾಕಿದ ಎಸ್‌ಎಂಪಿಎಸ್‌ನಲ್ಲಿ (ಭಾರದ ಟ್ರಾನ್ಸ್‌ಫಾರ್ಮರ್ ಬದಲು ಕರೆಂಟನ್ನ ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸೋ ಪವರ್ ಸಪ್ಲೈ) ಅದು 325 ವೋಲ್ಟ್ ಡಿಸಿ. ಸ್ಕ್ರೂ ಡ್ರೈವರ್ ಇಟ್ಟು ಶಾರ್ಟ್ ಮಾಡೋ ಅಭ್ಯಾಸ ಬಿಡಿ, ಕಿಡಿ ಹಾರತ್ತೆ, ಟ್ರ್ಯಾಕ್ ಎದ್ದುಬರತ್ತೆ. ಹೋಲ್ಡರ್‌ಗೆ ಎರಡು ವೈರ್ ಕಟ್ಟಿರೋ ಒಂದು 60 ವ್ಯಾಟ್ ಫಿಲಮೆಂಟ್ ಬಲ್ಬನ್ನ ಕೆಪಾಸಿಟರಿನ ಎರಡು ಕಾಲಿಗೆ ಮುಟ್ಟಿಸಿ, ಆಮೇಲೆ ಮೀಟರಲ್ಲಿ ಅಳೆದು 10 ವೋಲ್ಟಿಗಿಂತ ಕೆಳಗೆ ಬಂದಿದ್ಯಾ ಅಂತ ಖಾತ್ರಿ ಮಾಡ್ಕೊಂಡೇ ಕೈ ಹಾಕಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದೋರು ಇಲ್ಲಿವರೆಗೆ ಓದಿದ್ದು ಸಾಕು, ಮೆಕ್ಯಾನಿಕ್ ಹತ್ರ ತಗೊಂಡೋಗಿ ಮುಂದಿನದ್ದನ್ನ ತೋರಿಸಿ.

ಒಳಗೆ ಎಸ್‌ಎಂಪಿಎಸ್ ಇದ್ರೆ

ಬೋರ್ಡಲ್ಲಿ ಹಳದಿ ಟೇಪ್ ಸುತ್ತಿರೋ ಸಣ್ಣ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲೇ ಒಂದು ದಪ್ಪ ಕೆಪಾಸಿಟರ್, ಹೀಟ್‌ಸಿಂಕಿಗೆ ಕೂರಿಸಿರೋ ಮಾಸ್‌ಫೆಟ್ (ಸ್ವಿಚ್ ಥರ ಕೆಲಸ ಮಾಡೋ ಟ್ರಾನ್ಸಿಸ್ಟರ್) ಕಂಡ್ರೆ ಅದು ಎಸ್‌ಎಂಪಿಎಸ್. ಕರೆಂಟ್ ಬರೋ ದಾರಿ ಹೀಗೆ: ಫ್ಯೂಸ್, ಆಮೇಲೆ ಎಂಓವಿ ಅಂತಾರಲ್ಲ, ವೋಲ್ಟೇಜ್ ಮಿತಿ ಮೀರಿದ್ರೆ ಕರೆಂಟಿಗೆ ದಾರಿ ಬಿಡೋ ಆ ವೇರಿಸ್ಟರ್, ಫಿಲ್ಟರ್ ಕಾಯಿಲ್, ಬ್ರಿಡ್ಜ್ ಡಯೋಡ್, ದೊಡ್ಡ ಕೆಪಾಸಿಟರ್, ಅಲ್ಲಿಂದ ಮಾಸ್‌ಫೆಟ್. ಬ್ರಿಡ್ಜ್ ದಾಟಿದ ಮೇಲೆ ಡಿಸಿ ಆಗತ್ತೆ, ಅದು ಎಸಿಯ ಪೀಕಿಗೆ ಅಂದ್ರೆ 1.414 ಪಟ್ಟಿಗೆ ಚಾರ್ಜ್ ಆಗತ್ತೆ. 120ಕ್ಕೆ 170, 230ಕ್ಕೆ 325. 170 ಬರತ್ತೆ ಅಂದ್ಕೊಂಡು ಅಲ್ಲಿ 200 ವೋಲ್ಟಿನ ಕೆಪಾಸಿಟರ್ ಹಾಕಿರ್ತಾರೆ, ಅದಕ್ಕೆ 325 ಬಿದ್ರೆ ತಲೆ ಉಬ್ಬತ್ತೆ, ಇಲ್ಲಾ ಮೇಲಿರೋ ಗೀರು ಒಡೆದು ಒಳಗಿನ ದ್ರವ ಆಚೆ ಬರತ್ತೆ. ಆ ವಾಸನೆ ಅದರದ್ದೇ.

ಈಗ ಫ್ಯೂಸ್ ಬೆಳಕಿಗೆ ಹಿಡಿದು ನೋಡಿ. ಗಾಜು ಸ್ವಚ್ಛವಾಗಿದ್ದು ತಂತಿ ಮಧ್ಯದಲ್ಲಿ ಕರಗಿದ್ರೆ ಓವರ್‌ಲೋಡ್ ಇರಬಹುದು, ಗಾಜಿನ ಒಳಗೆಲ್ಲಾ ಕಪ್ಪು ಅಥವಾ ಬೆಳ್ಳಿ ಮಸಿ ಮೆತ್ತಿದ್ರೆ ಮುಂದೆ ಎಲ್ಲೋ ನೇರ ಶಾರ್ಟ್ ಇದೆ. ಪಕ್ಕದಲ್ಲಿ ನೀಲಿ ಬಿಲ್ಲೆ ಥರ ಒಂದು ಪಾರ್ಟ್ ಇರತ್ತೆ, ಅದೇ ಎಂಓವಿ. ಸತ್ತಿದ್ರೆ ಬಿಲ್ಲೆ ಸೀಳಿರತ್ತೆ, ಒಂದು ತುದಿ ಹಾರಿರತ್ತೆ, ಸುತ್ತಲ ಬೋರ್ಡಿಗೆ ಮಸಿ ಬಳಿದಿರತ್ತೆ. ಮೇಲಿರೋ ನಂಬರ್ ಓದೋಕೆ ಬಂದ್ರೆ ಅರ್ಧ ಕೆಲಸ ಆಯ್ತು. 10ಡಿ201ಕೆ ಅಂದ್ರೆ 10 ಮಿಲಿಮೀಟರ್ ಬಿಲ್ಲೆ, 20ರ ಮುಂದೆ ಒಂದು ಸೊನ್ನೆ ಅಂದ್ರೆ 200 ವೋಲ್ಟಿಗೆ ದಾರಿ ಬಿಡತ್ತೆ, 130 ವೋಲ್ಟ್ ಎಸಿ ತನಕ ಸುಮ್ನಿರತ್ತೆ, ಹಾಗಾಗಿ ಇದು 120ರ ಲೈನಿಗೆ ಮಾಡಿದ್ದು. ನಮ್ಮ ಲೈನಿಗೆ ಬೇಕಿರೋದು 471, ಅದು 300 ವೋಲ್ಟ್ ಎಸಿ ತನಕ ತಡ್ಕೊಳ್ಳತ್ತೆ. ಇದನ್ನ ಎನ್‌ಟಿಸಿ (ಆನ್ ಮಾಡಿದಾಗ ಒಮ್ಮೆಲೇ ನುಗ್ಗೋ ಕರೆಂಟನ್ನ ತಡಿಯೋ ಪಾರ್ಟ್) ಜೊತೆ ಗೊಂದಲ ಮಾಡ್ಕೋಬೇಡಿ, ಎರಡೂ ಬಿಲ್ಲೆನೇ, ಎರಡೂ ಅಕ್ಕಪಕ್ಕ ಇರತ್ತೆ. ಎನ್‌ಟಿಸಿ ಮೇಲೆ 5ಡಿ-9 ಥರ ಇರತ್ತೆ, ಅದು ಕರೆಂಟಿನ ದಾರೀಲಿ ಸೀರೀಸಲ್ಲಿ ಕೂತಿರತ್ತೆ, ಮೀಟರಲ್ಲಿ ಕೆಲವೇ ಓಮ್ ತೋರಿಸೋದು ಅದಕ್ಕೆ ಸರಿ. ಎಂಓವಿ ಫೇಸಿಗೂ ನ್ಯೂಟ್ರಲ್ಲಿಗೂ ಅಡ್ಡ ಇರತ್ತೆ, ಅದು ಓಪನ್ ತೋರಿಸ್ಬೇಕು, ಬೀಪ್ ಅಂದ್ರೆ ಹೋಗಿದೆ.

ಎಂಓವಿ ಒಡೆದು ಫ್ಯೂಸ್ ಹೋಗಿದ್ರೆ ಖುಷಿಪಡಿ, ಅದು ತಾನು ಶಾರ್ಟ್ ಆಗಿ ಫ್ಯೂಸ್ ಹಾರಿಸಿ ಮುಂದಿನದ್ದನ್ನ ಉಳಿಸಿರೋ ಸಾಧ್ಯತೆ ಜಾಸ್ತಿ. ಅದನ್ನ ಕಿತ್ತು ಬ್ರಿಡ್ಜ್ ನೋಡಿ, ಮೀಟರ್ ಡಯೋಡ್ ಮೋಡಲ್ಲಿಟ್ಟು ನಾಲ್ಕೂ ಡಯೋಡಿಗೆ ಒಂದು ಕಡೆ ಅರ್ಧ ವೋಲ್ಟಿನ ಆಸುಪಾಸು, ತಿರುಗಿಸಿದ್ರೆ ಓಪನ್ ಬರ್ಬೇಕು. ಆಮೇಲೆ ಮಾಸ್‌ಫೆಟ್ಟಿನ ಡ್ರೇನ್, ಸೋರ್ಸ್ ಅನ್ನೋ ಎರಡು ಕಾಲಿನ ಮಧ್ಯ ಅಳೀರಿ, ಎರಡೂ ಕಡೆ ಸೊನ್ನೆ ತೋರಿಸಿದ್ರೆ ಶಾರ್ಟ್. ಇಲ್ಲೊಂದು ಮಾತು ನೆನಪಿಡಿ: ಮಾಸ್‌ಫೆಟ್ ಶಾರ್ಟ್ ಆಗಿದ್ರೆ ಅದು ಒಂಟಿಯಾಗಿ ಹೋಗಿರೋದು ಅಪರೂಪ, ಸೋರ್ಸ್ ಕಾಲಲ್ಲಿರೋ ಒಂದು ಓಮಿಗಿಂತ ಕಮ್ಮಿಯ ರೆಸಿಸ್ಟರ್, ಗೇಟ್ ರೆಸಿಸ್ಟರ್, ಅದನ್ನ ನಡೆಸೋ ಐಸಿ ಮೂರನ್ನೂ ಕರ್ಕೊಂಡೇ ಹೋಗಿರತ್ತೆ. ಮಾಸ್‌ಫೆಟ್ ಮಾತ್ರ ಹೊಸದು ಹಾಕಿ ಕರೆಂಟ್ ಕೊಟ್ರೆ ಅದೂ ಆ ಕ್ಷಣಕ್ಕೇ ಹೋಗತ್ತೆ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ.

ಸರಿ, ಇದನ್ನ 230ಕ್ಕೇ ಒಗ್ಗಿಸಬಹುದಾ? ದೊಡ್ಡ ಕೆಪಾಸಿಟರ್ ಮೇಲೆ ಏನು ಬರೆದಿದೆ ಅನ್ನೋದ್ರ ಮೇಲೆ ನಿಂತಿದೆ. ಲೇಬಲ್ಲಲ್ಲಿ 120 ಇದ್ರೂ ಒಳಗೆ 400 ಅಥವಾ 450 ವೋಲ್ಟಿನ ಕೆಪಾಸಿಟರ್ ಇದ್ರೆ ಬೋರ್ಡ್ ಎಲ್ಲಾ ದೇಶಕ್ಕೂ ಒಂದೇ ಮಾಡಿ, ಎಂಓವಿ ಫ್ಯೂಸ್ ಮಾತ್ರ ಬೇರೆ ಹಾಕಿರೋ ಸಾಧ್ಯತೆ ಇದೆ. ಆಗ ಎಂಓವಿ 471, ಫ್ಯೂಸ್ 250 ವೋಲ್ಟಿನದ್ದು, ಲೈನಿಗೆ ಅಡ್ಡ ಇರೋ ಹಳದಿ ಚೌಕದ ಎಕ್ಸ್2 ಕೆಪಾಸಿಟರ್ 275 ವೋಲ್ಟ್ ಎಸಿ ಇದ್ಯಾ ಅಂತ ನೋಡ್ಕೊಂಡ್ರೆ ಕೆಲಸ ಆಗತ್ತೆ. ಅಮೆರಿಕದ ಫ್ಯೂಸ್ ಮೇಲೆ ಎಷ್ಟೋ ಸಲ 125 ವೋಲ್ಟ್ ಅಂತ ಇರತ್ತೆ, ಅಂಥದ್ದು ಇಲ್ಲಿ ಬೇಡ. ವೋಲ್ಟೇಜ್ ಇಮ್ಮಡಿ ಆದಾಗ ಎಳ್ಕೊಳ್ಳೋ ಕರೆಂಟ್ ಅರ್ಧ ಆಗತ್ತೆ, ಅದಕ್ಕೇ 5 ಆಂಪ್ ಜಾಗಕ್ಕೆ 2.5 ಆಂಪ್ ಸ್ಲೋ ಬ್ಲೋ ಸಾಕು.

ಒಳಗಿರೋದು ಒಂದೇ 200 ವೋಲ್ಟಿನ ಕೆಪಾಸಿಟರ್ ಆದ್ರೆ ಅದನ್ನ 450ರದ್ದು ಹಾಕಿಬಿಟ್ರೆ ಆಯ್ತು ಅಂತ ಎಷ್ಟೋ ಜನ ಅಂದ್ಕೋತಾರೆ. ಆಗಲ್ಲ. ಅಂಥ ಬೋರ್ಡಲ್ಲಿ ಮಾಸ್‌ಫೆಟ್ಟೂ 400, 500 ವೋಲ್ಟಿನದ್ದೇ ಇರಬಹುದು. 325ರ ಮೇಲೆ ಟ್ರಾನ್ಸ್‌ಫಾರ್ಮರಿಂದ ವಾಪಸ್ ಬರೋ ವೋಲ್ಟೇಜ್, ಅದರ ಮೇಲೆ ಸ್ಪೈಕ್ ಸೇರಿದ್ರೆ 600 ದಾಟೋದು ಸುಲಭ, 230ಕ್ಕೆ ಮಾಡಿರೋದ್ರಲ್ಲಿ 600ರಿಂದ 800 ವೋಲ್ಟಿನ ಮಾಸ್‌ಫೆಟ್ ಇರೋದು ಇದಕ್ಕೇನೇ. ಟ್ರಾನ್ಸ್‌ಫಾರ್ಮರ್ ಸುತ್ತಿರೋದೂ 170ರ ಲೆಕ್ಕದಲ್ಲಿ. ಹಾಗಾಗಿ ಹಳೇ ನಂಬರಿನ ಎಂಓವಿ, ಹಳೇ ರೇಟಿಂಗಿನ ಕೆಪಾಸಿಟರ್ರೇ ಹಾಕಿ ರಿಪೇರಿ ಮಾಡಿ ಸ್ಟೆಪ್ ಡೌನ್ (230ನ್ನ ಇಳಿಸಿ ಕೊಡೋ ಹೊರಗಿನ ಟ್ರಾನ್ಸ್‌ಫಾರ್ಮರ್) ಮೂಲಕ ಓಡಿಸಿ. ಹೀಗೆ ಓಡಿಸೋ ಬೋರ್ಡಿಗೆ 471 ಹಾಕೋದೂ ತಪ್ಪು, ಮತ್ತೆ ಯಾರಾದ್ರೂ ನೇರ 230ಕ್ಕೆ ಹಾಕಿದ್ರೆ ಕಾಪಾಡೋಕೆ ಏನೂ ಇರಲ್ಲ.

ಎರಡು 200 ವೋಲ್ಟಿನ ಕೆಪಾಸಿಟರ್ ಜೋಡಿಯಾಗಿ ನಿಂತಿದ್ರೆ ಕಥೆ ಬೇರೆ. ಅದು ಡಬ್ಲರ್. 120ರಲ್ಲಿ ಎರಡರ ಮಧ್ಯದ ಬಿಂದುವಿಗೆ ಎಸಿಯ ಒಂದು ವೈರ್ ಸೇರಿರತ್ತೆ, ಒಂದೊಂದೂ 170ಕ್ಕೆ ಚಾರ್ಜ್ ಆಗಿ ಒಟ್ಟು 340 ಆಗತ್ತೆ. ಆ ಒಂದು ಜಂಪರ್ ತೆಗೆದ್ರೆ 230ರಲ್ಲಿ ಎರಡೂ ಸೇರಿ 325, ಒಂದೊಂದಕ್ಕೆ 160 ಚಿಲ್ಲರೆ, ಆರಾಮ. ಹಳೇ ಕಂಪ್ಯೂಟರಿನ ಹಿಂದೆ 115/230 ಅಂತ ಇರೋ ಕೆಂಪು ಸ್ವಿಚ್ ಮಾಡೋದೂ ಇದನ್ನೇ. ಅದು 115ರಲ್ಲಿದ್ದು ಇಲ್ಲಿ ಹಾಕಿದ್ರೆ ಒಂದೊಂದು ಕೆಪಾಸಿಟರಿಗೂ 325 ಬಿದ್ದು ಒಡೆಯತ್ತೆ. 230ರಲ್ಲಿಟ್ಟು ಅಮೆರಿಕದಲ್ಲಿ ಹಾಕಿದ್ರೆ ಸುಮ್ನೆ ಆನ್ ಆಗಲ್ಲ ಅಷ್ಟೇ, ಏನೂ ಹಾಳಾಗಲ್ಲ. ಜಂಪರ್ ಜಾಗದ ಪಕ್ಕ ಬೋರ್ಡ್ ಮೇಲೇ 120, 230 ಅಂತ ಪ್ರಿಂಟ್ ಇರೋದು ಎಷ್ಟೋ ಸಲ ಸಿಗತ್ತೆ, ಭೂತಗನ್ನಡಿ ಹಿಡಿದು ಹುಡುಕಿ.

ಪಾರ್ಟ್ಸಿಗೆ ಬೆಂಗಳೂರಲ್ಲಾದ್ರೆ ಎಸ್.ಪಿ. ರೋಡ್ ಇದ್ದೇ ಇದೆ. ಹಳೇ ಪಾರ್ಟನ್ನ ಕೈಯಲ್ಲಿ ತಗೊಂಡೋಗಿ, ಕೆಪಾಸಿಟರಿನ ಎತ್ತರ, ದಪ್ಪ, ಕಾಲಿನ ಅಂತರ ಹೊಂದದೆ ಇದ್ರೆ ಕವರ್ ಮುಚ್ಚೋಕೆ ಆಗಲ್ಲ. 105 ಡಿಗ್ರಿ ಬಿಸಿ ತಡಿಯೋ ಕೆಪಾಸಿಟರನ್ನೇ ಕೇಳಿ.

ಭಾರವಾದ ಟ್ರಾನ್ಸ್‌ಫಾರ್ಮರ್ ಇದ್ರೆ

ಆಂಪ್ಲಿಫೈಯರ್, ರಿಸೀವರ್, ಹಳೇ ಕೀಬೋರ್ಡುಗಳಲ್ಲಿ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರತ್ತೆ. 120ರ ಪ್ರೈಮರಿಗೆ (ಲೈನ್ ಕರೆಂಟ್ ಬರೋ ಕಡೆಯ ವೈಂಡಿಂಗಿಗೆ) 230 ಕೊಟ್ಟಾಗ ಕೋರ್ ಸ್ಯಾಚುರೇಟ್ ಆಗಿ ಗುಂಯ್ ಅಂತ ಜೋರಾಗಿ ಶಬ್ದ ಮಾಡತ್ತೆ, ಪ್ರೈಮರಿ ಕರೆಂಟ್ ಎಲ್ಲೋ ಏರತ್ತೆ, ಸೆಕೆಂಡರಿ ಅಂದ್ರೆ ಔಟ್‌ಪುಟ್ ಕಡೆ ಸುಮಾರು ಇಮ್ಮಡಿ ವೋಲ್ಟೇಜ್ ಹೋಗತ್ತೆ. ಫ್ಯೂಸ್ ಬೇಗ ಹೋಗಿದ್ರೆ ಬಚಾವ್. ಫ್ಯೂಸ್ ಸರಿ ಇದ್ದು ಪ್ರೈಮರಿ ಓಪನ್ ತೋರಿಸ್ತಿದ್ರೆ ವೈಂಡಿಂಗೇ ಹೋಯ್ತು ಅಂತ ತೀರ್ಮಾನ ಮಾಡೋಕೆ ಮುಂಚೆ ಹಳದಿ ಟೇಪ್ ಮೆಲ್ಲಗೆ ಬಿಡಿಸಿ ನೋಡಿ, ಮೊದಲ ಪದರದ ಕೆಳಗೆ ಚಿಕ್ಕ ಥರ್ಮಲ್ ಫ್ಯೂಸ್ ಅಡಗಿರತ್ತೆ, ಮೇಲೆ 115 ಅಥವಾ 130 ಡಿಗ್ರಿ ಥರ ಬರೆದಿರತ್ತೆ. ಅದೇ ಡಿಗ್ರಿಯದ್ದು ಹಾಕಿ, ಸೋಲ್ಡರ್ ಮಾಡೋವಾಗ ಅದರ ಕಾಲನ್ನ ಇಕ್ಕಳದಲ್ಲಿ ಹಿಡ್ಕೊಳ್ಳಿ, ಇಲ್ಲಾಂದ್ರೆ ಆ ಬಿಸಿಗೇ ಅದು ಹೋಗತ್ತೆ. ವೈರ್ ಸುತ್ತಿ ಬೈಪಾಸ್ ಮಾಡೋದನ್ನ ಯಾರೇ ಹೇಳಿದ್ರೂ ಮಾಡ್ಬೇಡಿ, ಮನೆಗೆ ಬೆಂಕಿ ತರೋ ಕೆಲಸ ಅದು. ವೈಂಡಿಂಗಿನ ಬಣ್ಣ ಕಪ್ಪಾಗಿ ಸುಟ್ಟ ವಾರ್ನಿಷ್ ವಾಸನೆ ಬರ್ತಿದ್ರೆ ಥರ್ಮಲ್ ಫ್ಯೂಸ್ ಹಾಕಿ ಪ್ರಯೋಜನ ಇಲ್ಲ, ರೀವೈಂಡಿಂಗ್ ಅಂಗಡಿಗೆ ಕೊಡಿ, ಅಲ್ಲಿ 230ಕ್ಕೇ ಸುತ್ತಿಸ್ಕೊಂಡ್ರೆ ಸ್ಟೆಪ್ ಡೌನ್ ಗೊಡವೆನೂ ತಪ್ಪತ್ತೆ.

ಪ್ರೈಮರಿಗೆ ನಾಲ್ಕು ವೈರ್ ಬಂದಿದ್ರೆ ಎರಡು 120ರ ವೈಂಡಿಂಗ್ ಇರಬಹುದು, ಅಮೆರಿಕದಲ್ಲಿ ಅವನ್ನ ಪ್ಯಾರಲಲ್ ಹಾಕಿರ್ತಾರೆ, ಇಲ್ಲಿಗೆ ಸೀರೀಸ್ ಮಾಡ್ಬೇಕು. ದಿಕ್ಕು ತಪ್ಪಿದ್ರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಹೊಡೆದುಹಾಕಿ ನೇರ ಶಾರ್ಟ್ ಥರಾನೇ ಆಗತ್ತೆ. ಅದಕ್ಕೆ ನಾನು ಹೀಗೆ ಪತ್ತೆ ಮಾಡೋದು: ನಾಲ್ಕೂ ವೈರನ್ನ ಬೇರೆ ಬೇರೆ ಬಿಡಿಸಿ, ಬೇರೊಂದು ಸಣ್ಣ ಟ್ರಾನ್ಸ್‌ಫಾರ್ಮರಿಂದ 12 ವೋಲ್ಟ್ ಎಸಿ ತಗೊಂಡು ಒಂದು ವೈಂಡಿಂಗಿಗೆ ಕೊಡಿ, ಅದರ ಒಂದು ತುದಿನ ಇನ್ನೊಂದು ವೈಂಡಿಂಗಿನ ಒಂದು ತುದಿಗೆ ಸೇರಿಸಿ ಉಳಿದ ಎರಡು ತುದಿಗಳ ಮಧ್ಯ ಅಳೀರಿ. 24ರ ಹತ್ತಿರ ಬಂದ್ರೆ ಆ ಜೋಡಣೆನೇ ಸರಿಯಾದ ಸೀರೀಸ್, ಸೊನ್ನೆ ಹತ್ತಿರ ಬಂದ್ರೆ ಎರಡನೇ ವೈಂಡಿಂಗ್ ತಿರುಗಿಸಿ. ಈ ಟೆಸ್ಟ್ ಮಾಡೋವಾಗ ಸೆಕೆಂಡರಿ ಬಿಚ್ಚಿಡಿ. ರಿಸೀವರಲ್ಲಿ ಸ್ಟ್ಯಾಂಡ್‌ಬೈಗೆ ಅಂತ ಇನ್ನೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರತ್ತೆ, ದೊಡ್ಡದನ್ನ ಬದಲಾಯಿಸಿ ಇದನ್ನ ಮರೆತ್ರೆ ಮೊದಲು ಹೋಗೋದು ಇದೇ.

ಸ್ಟೆಪ್ ಡೌನ್ ಇದ್ರೂ ತೊಂದರೆ ಬರ್ತಿದ್ರೆ

ಕೈಯಲ್ಲಿ ಹಿಡಿಯುವಷ್ಟು ಹಗುರ ಇದ್ದು 1600 ವ್ಯಾಟ್ ಅಂತ ಬರೆದಿರೋ ಟ್ರಾವೆಲ್ ಕನ್ವರ್ಟರ್ ತಗೊಂಡಿದ್ರೆ ತೊಂದರೆ ಅದೇ. ಒಳಗೆ ಟ್ರಾನ್ಸ್‌ಫಾರ್ಮರೇ ಇರಲ್ಲ, ಟ್ರಯಾಕ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಕೂತು ಅಲೆಯನ್ನ ಕತ್ತರಿಸತ್ತೆ. ಸರಾಸರಿ ಕಮ್ಮಿ ಆದ್ರೂ ಪೀಕ್ 300 ವೋಲ್ಟಿನ ಹತ್ತಿರಾನೇ ಉಳಿಯತ್ತೆ, ಪೀಕಿಗೆ ಚಾರ್ಜ್ ಆಗೋ ಎಸ್‌ಎಂಪಿಎಸ್‌ಗೆ 230ಕ್ಕೆ ಹಾಕಿದಷ್ಟೇ ಅಪಾಯ. ಅದು ಬರೀ ಹೀಟರ್ ಇರೋ ಸಾಮಾನಿಗೆ, ಎಲೆಕ್ಟ್ರಾನಿಕ್ಸಿಗೆ ಖಂಡಿತ ಬೇಡ.

ನಿಜವಾದ ಸ್ಟೆಪ್ ಡೌನ್ ಭಾರ ಇರತ್ತೆ. ಸಾಮಾನಿನ ವ್ಯಾಟಿಗಿಂತ ಒಂದೂವರೆಯಿಂದ ಎರಡು ಪಟ್ಟಿನ ವಿಎ (ಟ್ರಾನ್ಸ್‌ಫಾರ್ಮರ್ ಎಷ್ಟು ಲೋಡ್ ಹೊರತ್ತೆ ಅನ್ನೋ ಅಳತೆ) ಇರೋದು ತಗೊಳ್ಳಿ, ಮೋಟರ್ ಇದ್ರೆ ಮೂರು ಪಟ್ಟು. 1000 ವ್ಯಾಟ್ ಮೈಕ್ರೋವೇವ್ ಅಂದ್ರೆ ಅಡುಗೆಗೆ ಸಿಗೋ ಪವರ್ ಅದು, ಗೋಡೆಯಿಂದ ಎಳೆಯೋದು 1500ರ ಆಸುಪಾಸು. ಅಗ್ಗದವು ಆಟೋ ಟ್ರಾನ್ಸ್‌ಫಾರ್ಮರ್ ಇರ್ತವೆ, ಅದರಲ್ಲಿ ಕೆಳಗಿನ ವೈಂಡಿಂಗ್ ತುಂಡಾದ್ರೆ ಪೂರ್ತಿ 230 ಔಟ್‌ಪುಟ್ಟಿಗೆ ಬರತ್ತೆ, ಇಷ್ಟಪಟ್ಟು ತಂದ ಆಂಪ್ಲಿಫೈಯರಿಗೆ ದುಡ್ಡು ಜಾಸ್ತಿ ಕೊಟ್ಟಾದ್ರೂ ಎರಡು ವೈಂಡಿಂಗ್ ಬೇರೆ ಇರೋ ಐಸೊಲೇಷನ್ ಥರದ್ದೇ ತಗೊಳ್ಳಿ. ಜಪಾನಿನ 100 ವೋಲ್ಟ್ ಸಾಮಾನಿಗೆ 110ರ ಟ್ರಾನ್ಸ್‌ಫಾರ್ಮರ್ ಬೇಡ, ರಾತ್ರಿ ಲೈನ್ 250ಕ್ಕೆ ಏರಿದಾಗ ಅದು 120ರ ಹತ್ತಿರ ಕೊಡತ್ತೆ.

ಎಲ್ಲಾ ಸರಿ ಇದ್ದೂ ಗಡಿಯಾರ ಗಂಟೆಗೆ 10 ನಿಮಿಷ ಹಿಂದೆ ಬೀಳ್ತಿದ್ರೆ, ರೆಕಾರ್ಡ್ ಪ್ಲೇಯರ್ ನಿಧಾನ ಓಡಿ ಹಾಡು ದಪ್ಪ ದನಿಯಲ್ಲಿ ಬರ್ತಿದ್ರೆ ದೋಷ ವೋಲ್ಟೇಜಿಂದಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸತ್ತೆ, ಹರ್ಟ್ಜ್ ಬದಲಾಯಿಸಲ್ಲ. 60 ಎಣಿಸ್ಕೊಂಡು ಓಡೋದು ಇಲ್ಲಿ 50 ಎಣಿಸತ್ತೆ, 33⅓ ಸುತ್ತು ಇರ್ಬೇಕಾದ್ದು 28ರ ಹತ್ತಿರ ಆಗತ್ತೆ. ಬೆಲ್ಟ್ ಪ್ಲೇಯರಾದ್ರೆ 50 ಹರ್ಟ್ಜಿನ ಮೋಟರ್ ಪುಲ್ಲಿ ಸಿಗತ್ತಾ ಹುಡುಕಿ, ಇಲ್ಲಾಂದ್ರೆ ದಾರಿ ಕಷ್ಟ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರೋ ಸಾಮಾನು ಕೂಡ 60ಕ್ಕೆ ಮಾತ್ರ ಮಾಡಿದ್ದಾದ್ರೆ 50ರಲ್ಲಿ ಸ್ವಲ್ಪ ಜಾಸ್ತಿ ಬಿಸಿ ಆಗತ್ತೆ, ಸುತ್ತ ಗಾಳಿ ಆಡೋಕೆ ಜಾಗ ಬಿಡಿ.

ಇಲ್ಲಿಂದ ಅಲ್ಲಿಗೆ ಮಿಕ್ಸಿ ತಗೊಂಡೋಗೋರಿಗೂ ಇದೇ ಲೆಕ್ಕ ತಿರುಗಿಸಿ. 230ರ ಮಿಕ್ಸಿ 120ರಲ್ಲಿ ತಿರುಗತ್ತೆ ಆದ್ರೆ ಚಟ್ನಿ ಆಗಲ್ಲ. ಮೋಟರ್ ಇರೋದ್ರಿಂದ 750 ವ್ಯಾಟಿಗೆ ಮೂರು ಪಟ್ಟಿನ ಸ್ಟೆಪ್ ಅಪ್ ಬೇಕು, ಅಷ್ಟು ಭಾರ ಹೊತ್ಕೊಂಡು ಹೋಗೋದಕ್ಕಿಂತ ಅಲ್ಲೇ ಸಿಗೋ 110 ವೋಲ್ಟಿನ ಇಂಡಿಯನ್ ಮಿಕ್ಸಿ ತಗೊಳ್ಳೋದು ವಾಸಿ.

ರಿಪೇರಿ ಆದ್ಮೇಲೆ ಮೊದಲ ಸಲ ಆನ್ ಮಾಡೋದು

ನೇರ ಸಾಕೆಟ್ಟಿಗೆ ಹಾಕ್ಬೇಡಿ. ಸೀರೀಸ್ ಬೋರ್ಡ್ ಮಾಡ್ಕೊಳ್ಳಿ, ಫೇಸ್ ವೈರಿನ ದಾರೀಲಿ 60 ಅಥವಾ 100 ವ್ಯಾಟಿನ ಫಿಲಮೆಂಟ್ ಬಲ್ಬ್, ಆಮೇಲೆ ಸಾಮಾನು. ಎಲ್‌ಇಡಿ ಬಲ್ಬ್ ಇದಕ್ಕೆ ಬರಲ್ಲ. ಆನ್ ಮಾಡಿದಾಗ ಬಲ್ಬ್ ಒಮ್ಮೆ ಹೊಳೆದು ಮಂಕಾದ್ರೆ ಕೆಪಾಸಿಟರ್ ಚಾರ್ಜ್ ಆಯ್ತು, ಶಾರ್ಟ್ ಇಲ್ಲ. ಪೂರ್ತಿ ಉರಿತಾನೇ ಇದ್ರೆ ಆಫ್ ಮಾಡಿ, ಇನ್ನೂ ಏನೋ ಶಾರ್ಟ್ ಇದೆ, ಆದ್ರೆ ಬಲ್ಬ್ ಇರೋದ್ರಿಂದ ಹೊಸ ಪಾರ್ಟ್ ಉಳಿದಿರತ್ತೆ. ಮಂಕಾದ ಮೇಲೆ ದೊಡ್ಡ ಕೆಪಾಸಿಟರ್ ಮೇಲೆ ಅಳೀರಿ, ಮೀಟರಿನ ಕಪ್ಪು ವೈರ್ ಅದೇ ಕೆಪಾಸಿಟರಿನ ಮೈನಸ್ಸಿಗೆ ಇಡಿ, ಬಾಡಿಗಲ್ಲ. ಅಲ್ಲಿ 300ಕ್ಕಿಂತ ಮೇಲೆ ಇದ್ದು ಔಟ್‌ಪುಟ್ ಇಲ್ಲ ಅಂದ್ರೆ ದೋಷ ಐಸಿ ಕಡೆ, ಅದಕ್ಕೆ ಸ್ಟಾರ್ಟ್ ಕೊಡೋ ದೊಡ್ಡ ಬೆಲೆಯ ರೆಸಿಸ್ಟರ್ ಓಪನ್ ಆಗಿದ್ಯಾ ಮೊದಲು ನೋಡಿ. ಅಲ್ಲೇ ಸೊನ್ನೆ ಅಂದ್ರೆ ಎನ್‌ಟಿಸಿ, ಬ್ರಿಡ್ಜ್, ಸುಟ್ಟ ಟ್ರ್ಯಾಕ್. ಸ್ಟೆಪ್ ಡೌನಲ್ಲಿ ಓಡಿಸೋ ಬೋರ್ಡಾದ್ರೆ ಬಲ್ಬನ್ನ ಸ್ಟೆಪ್ ಡೌನಿನ ಔಟ್‌ಪುಟ್ ಕಡೆ ಹಾಕಿ, ಆಗ ಕೆಪಾಸಿಟರಲ್ಲಿ 160ರ ಆಸುಪಾಸು ಬಂದ್ರೆ ಸಾಕು. ಸೀರೀಸ್ ಬಲ್ಬ್ ಇದ್ದ ಮಾತ್ರಕ್ಕೆ ಶಾಕ್ ಹೊಡೆಯಲ್ಲ ಅಂತ ಅಲ್ಲ, ಪ್ರೈಮರಿ ಕಡೆ ಹೀಟ್‌ಸಿಂಕಲ್ಲೂ ಕರೆಂಟ್ ಇರಬಹುದು.

ಎಲ್ಲಾ ಸರಿ ಹೋದ್ರೆ ಬಲ್ಬ್ ತೆಗೆದು ಒಂದು ಗಂಟೆ ಲೋಡಲ್ಲಿ ಓಡಿಸಿ, ಆಫ್ ಮಾಡಿ ಪ್ಲಗ್ ಕಿತ್ತು ಟ್ರಾನ್ಸ್‌ಫಾರ್ಮರ್ ಎಷ್ಟು ಬಿಸಿ ಆಗಿದೆ ನೋಡಿ. ಮೆಟಲ್ ಬಾಡಿ ಇದ್ರೆ ಮೂರು ಪಿನ್ನಿನ ಕೇಬಲ್ ಹಾಕಿ ಅರ್ಥಿಂಗ್ ಕೊಡಿ. 230ಕ್ಕೆ ಬದಲಾಯಿಸಿದ್ದಾದ್ರೆ ಅಮೆರಿಕನ್ ಪ್ಲಗ್ ಕತ್ತರಿಸಿ ನಮ್ಮ 6 ಆಂಪ್ ಪ್ಲಗ್ ಹಾಕಿ, ಹಿಂದಿನ ಲೇಬಲ್ ಮೇಲೆ ಮಾರ್ಕರಲ್ಲಿ 230 ಅಂತ ದಪ್ಪಗೆ ಬರೀರಿ. ಸ್ಟೆಪ್ ಡೌನ್ ಮೂಲಕ ಓಡಿಸೋದಾದ್ರೆ ಚಪ್ಪಟೆ ಪಿನ್ ಹಾಗೇ ಬಿಡಿ, ಮನೇಲಿರೋ ಕನ್ವರ್ಷನ್ ಪ್ಲಗ್ ಮಾತ್ರ ಅದರ ಹತ್ತಿರ ಇಡ್ಬೇಡಿ.